‘ಅಂತೆ’ ಕಳೆದುಕೊಂಡ ಸುದ್ದಿಗಳು

2021ರ ಜೂನ್ ಮೊದಲ ವಾರ ನಿಮಗೆ ನೆನಪಿರಬಹುದು. ಭಾರತದ ಅತಿ ಕೊಳಕು ಭಾಷೆ ಯಾವುದು ಅಂತ ಯಾರೋ ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದರು. ಪುಟದ ಮೇಲ್ಗಡೆ ಒಂದು ಚೌಕ, ಅದರೊಳಗೆ ದಪ್ಪ ಅಕ್ಷರದಲ್ಲಿ ಉತ್ತರ: ಕನ್ನಡ. ಆ ಸ್ಕ್ರೀನ್‌ಶಾಟ್ ಒಂದೇ ದಿನದಲ್ಲಿ ನಾಡೆಲ್ಲ ಸುತ್ತಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು. ಗೂಗಲ್ ಆ ಉತ್ತರವನ್ನು ತೆಗೆದು ಕ್ಷಮೆ ಕೇಳಿತು.

ಉತ್ತರ ಬಂದದ್ದು ಎಲ್ಲಿಂದ? ಯಾವ ಭಾಷಾ ತಜ್ಞರೂ ಹೇಳಿದ್ದಲ್ಲ, ಯಾವ ಪುಸ್ತಕದಲ್ಲೂ ಇದ್ದದ್ದಲ್ಲ. ಜನರ ಸಾಲ ತೀರಿಸುವ ವಿಷಯಕ್ಕೆಂದು ಇದ್ದ ಯಾವುದೋ ಜಾಲತಾಣದ ಒಂದು ಪುಟದಲ್ಲಿ ಆ ಮಾತಿತ್ತು. ಪ್ರಶ್ನೆಯ ಪದಗಳೂ ಆ ವಾಕ್ಯದ ಪದಗಳೂ ಒಂದಕ್ಕೊಂದು ಹೊಂದಿದವು. ಯಂತ್ರ ಅದನ್ನು ಎತ್ತಿ ಚೌಕದಲ್ಲಿ ಕೂರಿಸಿತು. ಅಷ್ಟೇ ನಡೆದದ್ದು.

ನಮಗೆಲ್ಲ ಸಿಟ್ಟು ಬಂತು. ಬರಬೇಕಾದದ್ದೇ. ಆದರೆ ಆ ಸಿಟ್ಟಿನಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಉಳಿದುಹೋಯಿತು ಅಂತ ನನಗೆ ಈಗಲೂ ಅನಿಸುತ್ತದೆ. ಆ ಉತ್ತರ ತಪ್ಪು ಅಂತ ನಮಗೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಗೊತ್ತಾಯಿತಲ್ಲ, ಹೇಗೆ? ಕನ್ನಡ ನಮ್ಮ ಮನೆಯದು, ಅದರ ಸೊಗಸು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಚೌಕ ಮಾರನೆಯ ದಿನ ಮಗುವಿನ ಜ್ವರಕ್ಕೆ ಎಷ್ಟು ಸಿರಪ್ ಕೊಡಬೇಕು ಅಂತ ಹೇಳಿದರೆ? ಬೆಳೆಗೆ ಯಾವ ಔಷಧಿ ಹೊಡೆಯಬೇಕು ಅಂತ ಹೇಳಿದರೆ? ಅಲ್ಲೂ ಅದೇ ದಪ್ಪ ಅಕ್ಷರ, ಅದೇ ಚೌಕ. ಆದರೆ ಅಲ್ಲಿ ಸಿಟ್ಟು ಬರುವುದಿಲ್ಲ. ಸುಮ್ನೆ ಓದಿ ನಂಬಿಬಿಡುತ್ತೇವೆ.

ತೊಡಕು ಇರುವುದೇ ಇಲ್ಲಿ. ನಾವು ಹುಡುಕುವುದು ಗೊತ್ತಿಲ್ಲದ್ದನ್ನು ತಿಳಿಯಲು. ಸಿಕ್ಕಿದ್ದು ಸರಿಯೋ ತಪ್ಪೋ ಅಂತ ಅದನ್ನೇ ಓದಿ ಅಳೆಯಬೇಕಾದರೆ ವಿಷಯ ಮೊದಲೇ ಗೊತ್ತಿರಬೇಕು. ಗೊತ್ತಿದ್ದರೆ ಹುಡುಕುವ ಅಗತ್ಯವೇ ಇರಲಿಲ್ಲ. ಹಾಗಾಗಿ ‘ಓದಿದರೆ ಗೊತ್ತಾಗುತ್ತೆ ಬಿಡಿ’ ಅನ್ನುವ ನಂಬಿಕೆ ಎಲ್ಲಿ ಬೇಕೋ ಅಲ್ಲೇ ಕೈಕೊಡುತ್ತದೆ. ನೋಡಬೇಕಾದದ್ದು ಮಾತನ್ನಷ್ಟೇ ಅಲ್ಲ, ಮಾತು ಯಾರದು ಅನ್ನುವುದನ್ನು.

ಇದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಉಪಕರಣ ಮೊದಲಿನಿಂದಲೂ ಇದೆ. ‘ಅಂತೆ’. ‘ಪಕ್ಕದ ಮನೆಯ ಹುಡುಗಿಗೆ ಮದುವೆಯಂತೆ’, ‘ನಾಳೆ ಬಸ್ ಇಲ್ಲವಂತೆ’. ಈ ಎರಡಕ್ಷರ ಏನು ಹೇಳುತ್ತದೆ ನೋಡಿ. ನಾನು ಕಣ್ಣಾರೆ ಕಂಡಿಲ್ಲ, ಯಾರೋ ಹೇಳಿದ್ದನ್ನು ನಿಮಗೆ ದಾಟಿಸುತ್ತಿದ್ದೇನೆ, ಹೊಣೆ ನನ್ನದಲ್ಲ. ಕೇಳಿದವರೂ ತಕ್ಷಣ ‘ಯಾರು ಹೇಳಿದ್ದು?’ ಅನ್ನುತ್ತಾರೆ. ಓದು ಬರಹ ಬಾರದ ಅಜ್ಜಿಯರೂ ದಿನಕ್ಕೆ ಹತ್ತು ಸಲ ಈ ಪರೀಕ್ಷೆ ಮಾಡುತ್ತಿದ್ದರು. ಕಟ್ಟೆಯ ಮೇಲೆ ಕೂತು ಆಡುವ ಮಾತಿಗೆ ‘ಅಂತೆಕಂತೆ’ ಅನ್ನುವ ಹೆಸರೇ ಇದೆ.

ಮೊಬೈಲ್‌ಗೆ ಬರುವ ಸುದ್ದಿಯಲ್ಲಿ ಈ ‘ಅಂತೆ’ ಉದುರಿಹೋಗಿರುತ್ತದೆ. ‘ಗುಣವಾಗುತ್ತದಂತೆ’ ಅಂತ ಬರುವುದಿಲ್ಲ, ‘ಗುಣವಾಗುತ್ತದೆ’ ಅಂತಲೇ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಐವತ್ತು ಕೈ ದಾಟಿದರೂ ವಾಕ್ಯ ಒಂದಿಷ್ಟೂ ಬದಲಾಗುವುದಿಲ್ಲ. ಮೊದಲು ಬರೆದವನ ಗಟ್ಟಿ ದನಿಯಲ್ಲೇ ಕೊನೆಯವರಿಗೂ ಮುಟ್ಟುತ್ತದೆ. ಬಾಯಿಮಾತಿನಲ್ಲಿ ಹಾಗಾಗುತ್ತಿರಲಿಲ್ಲ.

ನಮ್ಮ ಚಿಕ್ಕಮ್ಮ ಹಾಸನದಲ್ಲಿದ್ದಾರೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಫೋನ್ ಮಾಡಿ, ಗ್ರೂಪಿಗೆ ಬಂದ ಒಂದು ಸಂದೇಶವನ್ನು ಓದಿ ಹೇಳಿದರು. ತೆಂಗಿನಕಾಯಿಯ ಎರಡು ಮೂರು ತೆಳು ಹೋಳನ್ನು ಲೋಟಕ್ಕೆ ಹಾಕಿ, ಬಿಸಿನೀರು ಹೊಯ್ದು ಕುಡಿದರೆ ಕ್ಯಾನ್ಸರ್ ಕಣ ಸಾಯುತ್ತದೆ ಅಂತ ಅದರಲ್ಲಿತ್ತು. ಕೆಳಗೆ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಅವರ ಹೆಸರು. ಚಿಕ್ಕಮ್ಮನ ಗೆಳತಿಯೊಬ್ಬರಿಗೆ ಆಗಷ್ಟೇ ಕೀಮೋ ಬರೆದುಕೊಟ್ಟಿದ್ದರು. ಅವರಿಗೆ ಕಳಿಸೋಣ ಅಂತ ಚಿಕ್ಕಮ್ಮ ಹೊರಟಿದ್ದರು. ನಾನು ಬೇಡ ಅಂದೆ. ಅದಕ್ಕೆ ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: “ಡಾಕ್ಟ್ರ ಹೆಸ್ರೇ ಹಾಕಿದಾರಲ್ಲೇ, ಅಷ್ಟು ದೊಡ್ಡೋರು ಸುಳ್ಳು ಹೇಳ್ತಾರಾ?”

ಚಿಕ್ಕಮ್ಮನ ಪ್ರಶ್ನೆ ಸರಿಯಾಗಿಯೇ ಇತ್ತು. ಅವರು ‘ಯಾರು ಹೇಳಿದ್ದು’ ಅಂತ ನೋಡಿದ್ದರು, ಉತ್ತರವೂ ಸಿಕ್ಕಿತ್ತು. ಸಿಕ್ಕಿದ ಉತ್ತರ ಮಾತ್ರ ಸುಳ್ಳಾಗಿತ್ತು. ಡಾ. ಬಡ್ವೆ ನಿಜವಾದ ವ್ಯಕ್ತಿ, ಹೆಸರಾಂತ ಶಸ್ತ್ರವೈದ್ಯರು, ಆಗ ಟಾಟಾ ಮೆಮೋರಿಯಲ್ ಸೆಂಟರ್‌ನ ನಿರ್ದೇಶಕರಾಗಿದ್ದವರು. ಆದರೆ ಅವರು ಈ ಮಾತು ಹೇಳಿರಲೇ ಇಲ್ಲ. ಇದು ನಮ್ಮದಲ್ಲ ಅಂತ ಆಸ್ಪತ್ರೆಯೇ 2019ರಲ್ಲಿ ಸಾರ್ವಜನಿಕವಾಗಿ ಹೇಳಿತು. ಅದೇ ಬರಹ ಬೇರೆ ಬೇರೆ ಕಾಲದಲ್ಲಿ ನಿಂಬೆಹಣ್ಣು, ಅನಾನಸ್ ಹೆಸರಲ್ಲೂ ಓಡಾಡಿದೆ. ಹಣ್ಣು ಬದಲಾದ ಹಾಗೆ ಡಾಕ್ಟರ ಹೆಸರೂ ಬದಲಾಗುತ್ತಿತ್ತು.

ಅಂದರೆ ಸಂದೇಶದೊಳಗೆ ಇರುವ ಹೆಸರು ಸಾಕ್ಷಿಯಲ್ಲ. ಹೆಸರು ಹಾಕಲು ಯಾರಿಗೂ ಖರ್ಚಿಲ್ಲ. ಆ ಹೆಸರಿನವರು ತಮ್ಮ ಸ್ವಂತ ಜಾಗದಲ್ಲಿ, ಅಂದರೆ ಆಸ್ಪತ್ರೆಯ ಜಾಲತಾಣದಲ್ಲೋ ಒಂದು ಸಂದರ್ಶನದಲ್ಲೋ, ಈ ಮಾತನ್ನು ಹೇಳಿದ್ದಾರಾ ಅಂತ ನೋಡಬೇಕು. ಆವತ್ತು ನಾನು ಮಾಡಿದ್ದು ಇಷ್ಟೇ. ಡಾಕ್ಟರ ಹೆಸರು, ತೆಂಗಿನಕಾಯಿ, ಕ್ಯಾನ್ಸರ್, ಈ ಮೂರನ್ನೂ ಇಂಗ್ಲಿಷಿನಲ್ಲಿ ಒಟ್ಟಿಗೆ ಹುಡುಕಿದೆ. ಮೊದಲ ಪುಟದಲ್ಲೇ ಆಸ್ಪತ್ರೆಯ ನಿರಾಕರಣೆ ಸಿಕ್ಕಿತು. ಒಂದು ನಿಮಿಷವೂ ಆಗಲಿಲ್ಲ. ಚಿಕ್ಕಮ್ಮನಿಗೆ ಅದನ್ನೇ ಓದಿ ಹೇಳಿದೆ. ಆಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆ ಗೆಳತಿ ಕೀಮೋ ಬಿಟ್ಟು ಬಿಸಿನೀರು ಹಿಡಿದಿದ್ದರೆ ಅನ್ನುವುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಹೀಗೆ ಪುಟ ಬಿಟ್ಟು ಹೊರಗೆ ಹೋಗಿ ನೋಡುವುದು ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಅಮೆರಿಕದ ಒಂದು ಅಧ್ಯಯನ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಅದನ್ನು ಹೊರತಂದರು. ಒಟ್ಟು 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದರು: ಪಿಎಚ್‌ಡಿ ಮಾಡಿದ 10 ಇತಿಹಾಸಕಾರರು, ಸುದ್ದಿ ಪರಿಶೀಲನೆಯನ್ನೇ ವೃತ್ತಿ ಮಾಡಿಕೊಂಡ 10 ಜನ, ಅದೇ ವಿಶ್ವವಿದ್ಯಾಲಯದ 25 ವಿದ್ಯಾರ್ಥಿಗಳು. ಎರಡು ಜಾಲತಾಣ ತೋರಿಸಿ ಯಾವುದು ಹೆಚ್ಚು ನಂಬಲು ಯೋಗ್ಯ ಅಂತ ಕೇಳಿದರು. ಎರಡೂ ಮಕ್ಕಳ ವೈದ್ಯರ ಸಂಘಗಳವು, ಹೆಸರೂ ಹತ್ತಿರ ಹತ್ತಿರ. ಒಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 1930ರಲ್ಲಿ ಹುಟ್ಟಿದ್ದು, 60 ಸಾವಿರಕ್ಕೂ ಜಾಸ್ತಿ ಸದಸ್ಯರಿರುವುದು. ಇನ್ನೊಂದು ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಷಿಯನ್ಸ್. ಸಲಿಂಗ ದಂಪತಿ ಮಕ್ಕಳನ್ನು ದತ್ತು ಪಡೆಯುವುದನ್ನು ಮೊದಲನೆಯ ಸಂಘ ಬೆಂಬಲಿಸಿತು ಅನ್ನುವ ಕಾರಣಕ್ಕೆ 2002ರಲ್ಲಿ ಬೇರೆಯಾದ ಚಿಕ್ಕ ಗುಂಪು ಅದು.

ಪರಿಶೀಲಕರು 10ಕ್ಕೆ 10 ಜನವೂ ಸರಿಯಾಗಿ ಹೇಳಿದರು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ತಪ್ಪಿದರು. ಇತಿಹಾಸಕಾರರಲ್ಲೂ ಅರ್ಧದಷ್ಟು ಜನ ಎಡವಿದರು. ಅವರಲ್ಲಿ ಯಾರೂ ದಡ್ಡರಲ್ಲ. ಆದರೆ ತಪ್ಪಿದವರು ಆ ಪುಟದಲ್ಲೇ ಉಳಿದರು. ವಿನ್ಯಾಸ ಚೆನ್ನಾಗಿದೆ, ಜಾಹೀರಾತಿಲ್ಲ, ಕೆಳಗೆ ಉಲ್ಲೇಖಗಳ ಪಟ್ಟಿ ಇದೆ, ಲೋಗೊ ಇದೆ ಅಂತ ಒಂದೊಂದೇ ಎಣಿಸಿದರು. ಪರಿಶೀಲಕರು ಪುಟವನ್ನು ಒಂದು ಸಲ ಕಣ್ಣಾಡಿಸಿದವರೇ ಬೇರೆ ಟ್ಯಾಬ್ ತೆಗೆದರು. ಈ ಸಂಘದ ಬಗ್ಗೆ ಉಳಿದವರು ಏನು ಹೇಳುತ್ತಾರೆ ಅಂತ ಹುಡುಕಿದರು. ಕಡಿಮೆ ಓದಿದರು, ಬೇಗ ಮುಗಿಸಿದರು, ಸರಿಯಾಗಿಯೂ ಹೇಳಿದರು.

ನಮಗೆ ಇದು ಹೊಸದೇನಲ್ಲ. ಹೆಣ್ಣು ಕೊಡುವ ಮುಂಚೆ ಹುಡುಗನ ಮನೆಯ ಗೋಡೆಯ ಬಣ್ಣ ನೋಡಿ ಯಾರೂ ನಿರ್ಧಾರ ಮಾಡುವುದಿಲ್ಲ. ಆ ಬೀದಿಯಲ್ಲಿ, ಪಕ್ಕದ ಅಂಗಡಿಯಲ್ಲಿ, ಕೆಲಸದ ಜಾಗದಲ್ಲಿ ವಿಚಾರಿಸುತ್ತೇವೆ. ಜಾಲತಾಣದ ವಿಷಯದಲ್ಲೂ ಹಾಗೆ ವಿಚಾರಿಸಬೇಕು. ಅವರ ‘ನಮ್ಮ ಬಗ್ಗೆ’ ಪುಟ ಹುಡುಗನ ಕಡೆಯವರೇ ಹೇಳುವ ಮಾತಿನ ಹಾಗೆ. ಅದನ್ನು ಕೇಳಿಸಿಕೊಳ್ಳೋಣ, ಆದರೆ ಅಲ್ಲಿಗೇ ನಿಲ್ಲಬಾರದು.

ಬರಹದ ಕಥೆ ಇದಾದರೆ, ಫೋಟೊ ಮತ್ತು ವಿಡಿಯೊ ಇನ್ನೂ ಗಟ್ಟಿಯಾಗಿ ‘ಅಂತೆ’ಯನ್ನು ಅಳಿಸುತ್ತವೆ. ಕಣ್ಣೆದುರು ಕಂಡ ಮೇಲೆ ಇನ್ನೇನು ಅನಿಸಿಬಿಡುತ್ತದೆ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಅಂತ ನಮ್ಮ ಹಿರಿಯರು ಹೇಳಿದ್ದು ಸುಮ್ನೆ ಅಲ್ಲ.

2012ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗಂಟುಮೂಟೆ ಹಿಡಿದು ನಿಂತಿದ್ದರು. ನಿಮ್ಮ ಮೇಲೆ ದಾಳಿ ಆಗುತ್ತದೆ ಅನ್ನುವ ಎಸ್ಸೆಮ್ಮೆಸ್‌ಗಳು ಅವರನ್ನು ಓಡಿಸಿದ್ದವು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಒಮ್ಮೆಗೆ ಐದಕ್ಕಿಂತ ಜಾಸ್ತಿ ಜನರಿಗೆ ಸಂದೇಶ ಹೋಗದಂತೆ 15 ದಿನದ ಮಿತಿ ಹಾಕಿತು. ಅದೇ ದಿನಗಳಲ್ಲಿ ಒಂದು ಫೋಟೊ ಓಡಾಡುತ್ತಿತ್ತು. ಸಾಲಾಗಿ ಬಿದ್ದ ಶವಗಳು, ನಡುವೆ ನಿಂತ ಬೌದ್ಧ ಭಿಕ್ಷುಗಳು. ಮ್ಯಾನ್ಮಾರ್‌ನಲ್ಲಿ ನಡೆದ ಕೊಲೆ ಅಂತ ಅಡಿಬರಹ. ನಿಜವಾಗಿ ಅದು 2010ರ ಏಪ್ರಿಲ್‌ನಲ್ಲಿ ಚೀನಾದ ಯೂಶು ಪ್ರದೇಶದಲ್ಲಿ ಆದ ಭೂಕಂಪದ್ದು. ಆ ಭಿಕ್ಷುಗಳು ಸತ್ತವರ ಅಂತ್ಯಸಂಸ್ಕಾರಕ್ಕೆ ಬಂದವರು. ಫೋಟೊ ಅಸಲಿ, ಅಡಿಬರಹ ಮಾತ್ರ ಸುಳ್ಳು. ಆದರೆ ಆ ಒಂದು ಸಾಲು ಶೋಕದಲ್ಲಿ ಜೊತೆಗೆ ನಿಂತವರನ್ನು ಕೊಲೆಗಾರರಾಗಿ ಮಾಡಿತು.

ಆರು ವರ್ಷದ ನಂತರ ಫೋಟೊದ ಜಾಗಕ್ಕೆ ವಿಡಿಯೊ ಬಂತು. ಇಬ್ಬರು ಬೈಕಿನಲ್ಲಿ ಬರುತ್ತಾರೆ, ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. 2018ರಲ್ಲಿ ಇದು ದೇಶದ ಮೂಲೆ ಮೂಲೆಗೂ ಹೋಯಿತು. ‘ನಮ್ಮ ಊರಿಗೆ ಮಕ್ಕಳ ಕಳ್ಳರು ಬಂದಿದ್ದಾರೆ’ ಅನ್ನುವ ಸಾಲು ಆಯಾ ಭಾಷೆಯಲ್ಲಿ ಸೇರಿಕೊಂಡಿತು. ಮೂಲದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ ರೋಶ್ನಿ ಅನ್ನುವ ಸಂಸ್ಥೆ ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ್ದ ಜಾಗೃತಿ ಚಿತ್ರ. ಕೊನೆಯಲ್ಲಿ ಅದೇ ಬೈಕ್ ವಾಪಸ್ ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಮಕ್ಕಳ ಮೇಲೆ ನಿಗಾ ಇಡಿ ಅನ್ನುವ ಅರ್ಥದ ಫಲಕ ತೋರಿಸುತ್ತಾರೆ. ಆ ಕೊನೆಯ ಕೆಲವು ಕ್ಷಣಗಳನ್ನು ಯಾರೋ ಕತ್ತರಿಸಿ ಬಿಟ್ಟಿದ್ದರು.

ಕತ್ತರಿಸಿದ್ದು ಅಷ್ಟೇ. ಆಮೇಲೆ ಆದದ್ದು ನೋಡಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಕಾರಿನಲ್ಲಿ ಹೋಗುತ್ತಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ನೋಡಿದವರಿಗೆ ಅನುಮಾನ ಬಂತು. ವಾಟ್ಸಾಪ್ ಗ್ರೂಪಿನಲ್ಲಿ ಸಂದೇಶ ಹೋಯಿತು. ಅವರು ಮುರ್ಕಿ ಗ್ರಾಮ ಮುಟ್ಟುವಷ್ಟರಲ್ಲಿ ಅಲ್ಲಿನ ಜನ ರಸ್ತೆ ಅಡ್ಡಗಟ್ಟಿದ್ದರು. ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲೇ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಸುದ್ದಿ ಕಾರಿಗಿಂತ ಮುಂಚೆ ಊರು ಸೇರಿತ್ತು. ‘ಬಂದಿದ್ದಾರಂತೆ’ ಅನ್ನುವ ಜಾಗದಲ್ಲಿ ‘ಬಂದಿದ್ದಾರೆ’ ಅಂತ ಇತ್ತು.

ಆ ತಿಂಗಳೇ ವಾಟ್ಸಾಪ್ ಎರಡು ಬದಲಾವಣೆ ಮಾಡಿತು. ದಾಟಿಸಿದ ಸಂದೇಶದ ತಲೆಯ ಮೇಲೆ ‘ಫಾರ್ವರ್ಡೆಡ್’ ಅಂತ ಗುರುತು ಹಾಕತೊಡಗಿತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಿಂತ ಜಾಸ್ತಿ ಕಳಿಸದಂತೆ ಮಾಡಿತು. ಆಮೇಲೆ ತುಂಬಾ ಕೈ ದಾಟಿದ ಸಂದೇಶಗಳಿಗೆ ಜೋಡಿ ಬಾಣದ ಗುರುತು ಬಂತು. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ನನ್ನ ಪ್ರಕಾರ ಆ ಜೋಡಿ ಬಾಣವೇ ವಾಟ್ಸಾಪಿನ ‘ಅಂತೆ’. ಕಳಿಸಿದವರು ನಿಮ್ಮ ಅಣ್ಣನೇ ಇರಬಹುದು, ಆದರೆ ಮಾತು ಅಣ್ಣನದಲ್ಲ ಅಂತ ಅದು ಹೇಳುತ್ತದೆ. ಮನೆಯ ಹಿರಿಯರಿಗೆ ಈ ಒಂದು ಗುರುತನ್ನು ತೋರಿಸಿಕೊಟ್ಟರೂ ಸಾಕು, ಬಹಳ ಉಪಯೋಗ ಆಗುತ್ತದೆ. ಆದರೆ ಬರಹವನ್ನು ನಕಲು ಮಾಡಿ ಹೊಸದಾಗಿ ಅಂಟಿಸಿ ಕಳಿಸಿದರೆ ಗುರುತು ಹೋಗುತ್ತದೆ, ಅದನ್ನೂ ಹೇಳಬೇಕು.

ಫೋಟೊ ಪರೀಕ್ಷೆ ಈಗ ಕಷ್ಟವಲ್ಲ. ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದೇ ಚಿತ್ರ ಬೇರೆ ಎಲ್ಲೆಲ್ಲಿ ಇದೆ ಅಂತ ತೋರಿಸುತ್ತದೆ. ವಿಡಿಯೊ ಆದರೆ ಒಂದು ಸ್ಪಷ್ಟವಾದ ದೃಶ್ಯದಲ್ಲಿ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹುಡುಕಬಹುದು. ನೋಡಬೇಕಾದದ್ದು ಒಂದೇ: ಈ ಚಿತ್ರ ಮೊದಲ ಸಲ ಕಂಡದ್ದು ಯಾವಾಗ? ಮೊನ್ನೆಯ ಗಲಾಟೆಯ ಚಿತ್ರ ಮೂರು ವರ್ಷದ ಹಿಂದೆಯೇ ಇದ್ದರೆ ಅಲ್ಲಿಗೆ ಮುಗಿಯಿತು. ಕರಾವಳಿಯವರಿಗೆ ಪ್ರತಿ ಮಳೆಗಾಲವೂ ಇದರ ಅನುಭವ ಇದೆ. ಜಿಲ್ಲಾಧಿಕಾರಿಗಳ ಹಳೆಯ ರಜೆ ಆದೇಶದ ದಿನಾಂಕ ತಿದ್ದಿ ಯಾರೋ ಹರಿಯಬಿಡುತ್ತಾರೆ. ಮಕ್ಕಳು ಕುಣಿಯುತ್ತಾರೆ, ಮೇಷ್ಟರ ಫೋನು ಬಡಿದುಕೊಳ್ಳುತ್ತದೆ.

ಇನ್ನೊಂದು ಮೋಸ ಕಣ್ಣಿಗೆ ಬೇಗ ಬೀಳುವುದಿಲ್ಲ. ಒಂದೇ ಮಾತು ನಾಲ್ಕು ಕಡೆ ಕಂಡರೆ ನಾಲ್ಕು ಸಾಕ್ಷಿ ಅಂತ ತಿಳಿಯುತ್ತೇವೆ. ಪದೇ ಪದೇ ಕೇಳಿದ್ದು ನಿಜ ಅನಿಸತೊಡಗುತ್ತದೆ ಅಂತ ಮನಶ್ಶಾಸ್ತ್ರಜ್ಞರು 1977ರಷ್ಟು ಹಿಂದೆಯೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಾಲ್ಕೂ ಕಡೆಯವರು ಒಬ್ಬನಿಂದಲೇ ನಕಲು ಮಾಡಿದ್ದರೆ ಸಾಕ್ಷಿ ಒಂದೇ. 2009ರಲ್ಲಿ ಜರ್ಮನಿಯಲ್ಲಿ ಹೀಗಾಯಿತು. ಹೊಸದಾಗಿ ಮಂತ್ರಿಯಾದ ಕಾರ್ಲ್ ಥಿಯೊಡೋರ್ ಟ್ಸು ಗುಟೆನ್‌ಬರ್ಗ್ ಅವರಿಗೆ ಹತ್ತು ಹೆಸರುಗಳಿದ್ದವು. ವಿಕಿಪೀಡಿಯದಲ್ಲಿ ಯಾರೋ ‘ವಿಲ್ಹೆಲ್ಮ್’ ಅಂತ ಹನ್ನೊಂದನೆಯದನ್ನು ಸೇರಿಸಿದರು. ಪತ್ರಿಕೆಗಳು ಅದನ್ನು ನೋಡಿ ಅಚ್ಚು ಹಾಕಿದವು. ಕೊನೆಗೆ ವಿಕಿಪೀಡಿಯ ಆ ಪತ್ರಿಕೆಯನ್ನೇ ಆಧಾರವಾಗಿ ತೋರಿಸಿತು. ಮಾತು ಒಂದು ಸುತ್ತು ಹೊಡೆದು ಬಂದು ತನಗೆ ತಾನೇ ಸಾಕ್ಷಿ ಹೇಳಿತು.

ಕನ್ನಡದಲ್ಲಿ ಓದುವವರಿಗೆ ಈ ಅಪಾಯ ಜಾಸ್ತಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸುಮಾರು 70 ಲಕ್ಷ ಲೇಖನಗಳಿವೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ 30 ಸಾವಿರ ದಾಟಿದೆ. ಅದೂ ಕೆಲವೇ ಜನರ ಬಿಡುವಿಲ್ಲದ ದುಡಿಮೆಯಿಂದ. ಅವರಿಗೆ ನಾವು ಋಣಿಗಳು. ಆದರೆ ಒಂದು ವೈದ್ಯಕೀಯ ವಿಷಯವನ್ನೋ ಕಾನೂನು ವಿಷಯವನ್ನೋ ಕನ್ನಡದಲ್ಲಿ ಹುಡುಕಿದರೆ ಸಿಗುವುದು ಬೆರಳೆಣಿಕೆಯ ಪುಟ. ಅವು ಒಂದನ್ನೊಂದು ನೋಡಿ ಬರೆದವು, ಇಲ್ಲವೇ ಯಂತ್ರ ಅನುವಾದ ಮಾಡಿದವು. ಹೋಲಿಸಿ ನೋಡಲು ಎರಡನೆಯ ಬಾಯಿ ಇರುವುದಿಲ್ಲ. ‘ಎನ್ನಲಾಗಿದೆ’ ಅನ್ನುವ ನಮ್ಮ ಸುದ್ದಿ ಭಾಷೆಯೂ ಇಲ್ಲಿ ನೆರವಾಗುವುದಿಲ್ಲ. ಅದರಲ್ಲಿ ‘ಅಂತೆ’ ಇದೆ ನಿಜ, ಆದರೆ ಅಂದವರು ಯಾರು ಅನ್ನುವುದನ್ನು ಅದು ಮುಚ್ಚಿಡುತ್ತದೆ. ಬರೆಯುವವರು ಆ ಪದ ಬಿಟ್ಟು ಹೆಸರು, ಹುದ್ದೆ, ಕಡತದ ದಿನಾಂಕ ಹಾಕಿದರೆ ಓದುಗರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಹಾಗಂತ ಕನ್ನಡದಲ್ಲಿ ಏನೂ ಇಲ್ಲ ಅಂತಲ್ಲ. ನ್ಯೂಸ್‌ಚೆಕರ್, ನ್ಯೂಸ್‌ಮೀಟರ್ ಕನ್ನಡದಲ್ಲೂ ಸುದ್ದಿ ಪರಿಶೀಲನೆ ಮಾಡುತ್ತವೆ. ರಾಜ್ಯ ಸರ್ಕಾರದ ‘ಮಾಹಿತಿ ಕಣಜ’ ಜಾಲತಾಣದಲ್ಲಿ ಹಲವು ಇಲಾಖೆಗಳ ಮಾಹಿತಿ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಕನ್ನಡದಲ್ಲೇ ಸಿಗುತ್ತದೆ, ಲಾಗಿನ್ ಕೂಡ ಬೇಡ. ಯೋಜನೆಯ ಬಗ್ಗೆ ಅನುಮಾನ ಬಂದರೆ ಯೂಟ್ಯೂಬ್‌ನ ‘ಬ್ರೇಕಿಂಗ್’ ವಿಡಿಯೊ ನೋಡುವುದಕ್ಕಿಂತ ಇಲಾಖೆಯ ಆದೇಶವನ್ನೇ ಓದುವುದು ಒಳ್ಳೆಯದು.

2023ರಲ್ಲಿ ಗೃಹಜ್ಯೋತಿ, ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ನಕಲಿ ಲಿಂಕ್‌ಗಳು ಹುಟ್ಟಿಕೊಂಡವು. ಆಗ ಬಹಳ ಜನರಿಗೆ ವಿಳಾಸ ಓದುವುದು ಗೊತ್ತಿರಲಿಲ್ಲ. ವಿಳಾಸದಲ್ಲಿ ‘ಕರ್ನಾಟಕ’, ‘ಗೃಹಲಕ್ಷ್ಮಿ’ ಅನ್ನುವ ಪದ ಇದ್ದ ಮಾತ್ರಕ್ಕೆ ಅದು ಸರ್ಕಾರದ್ದಾಗುವುದಿಲ್ಲ. ಆ ಪದಗಳನ್ನು ಯಾರು ಬೇಕಾದರೂ ಸೇರಿಸಬಹುದು. ಮೊದಲ ಒಂಟಿ ಓರೆಗೆರೆ (/) ಬರುವ ಮುಂಚೆ ವಿಳಾಸ ಹೇಗೆ ಮುಗಿಯುತ್ತದೆ ಅನ್ನುವುದನ್ನು ನೋಡಬೇಕು. ಅಲ್ಲಿ ‘ಡಾಟ್ ಗವ್ ಡಾಟ್ ಇನ್’ ಅಂತ ಮುಗಿದರೆ ಸರ್ಕಾರದ್ದು. ಆ ಬಾಲವನ್ನು ಸರ್ಕಾರಿ ಸಂಸ್ಥೆಗಳಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಅದಾದ ಮೇಲೆ ಇನ್ನೊಂದು ಡಾಟ್ ಹಾಕಿ ಬೇರೇನೋ ಇದ್ದರೆ ಮುಟ್ಟಬೇಡಿ.

ದುಡ್ಡಿನ ವಿಷಯಕ್ಕೆ ಬಂದರೆ ದನಿ, ಮುಖ ಎರಡೂ ಈಗ ಸಾಕ್ಷಿಯಾಗಿ ಉಳಿದಿಲ್ಲ. ಇನ್ಫೋಸಿಸ್‌ನ ನಾರಾಯಣ ಮೂರ್ತಿ ಅವರು ತಾವೇ ಒಂದು ಷೇರು ವ್ಯವಹಾರದ ಆ್ಯಪ್ ಬಗ್ಗೆ ಹೇಳುತ್ತಿರುವಂತೆ ನಕಲಿ ವಿಡಿಯೊಗಳು ಬಂದವು. ಅದು ನಾನಲ್ಲ, ನಂಬಬೇಡಿ ಅಂತ ಅವರೇ 2023ರ ಡಿಸೆಂಬರ್‌ನಲ್ಲಿ ಹೇಳಬೇಕಾಯಿತು. ಇಂಥ ವಿಡಿಯೊದಲ್ಲಿ ತುಟಿ ಸರಿಯಾಗಿ ಆಡುತ್ತಿದೆಯಾ, ಕಣ್ಣು ಮಿಟುಕಿಸುತ್ತಿದ್ದಾರಾ ಅಂತ ನೋಡಿ ಕಂಡುಹಿಡಿಯಲು ಹೋಗಬೇಡಿ. ಆ ಗುರುತುಗಳು ದಿನ ದಿನಕ್ಕೂ ಅಳಿಸಿಹೋಗುತ್ತಿವೆ. ಹೂಡಿಕೆ ಕೇಳುವ ಸಂಸ್ಥೆ ಷೇರು ಪೇಟೆಯ ನಿಯಂತ್ರಕನಾದ ಸೆಬಿಯಲ್ಲಿ ನೋಂದಣಿ ಆಗಿದೆಯಾ ಅಂತ ಸೆಬಿಯ ಜಾಲತಾಣದಲ್ಲೇ ನೋಡಿ. ಮುಖ ಯಾರದ್ದಾದರೂ ಇರಲಿ, ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ದುಡ್ಡು ಹಾಕಬೇಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ಹುಡುಕುವ ಬದಲು ಎಐಯನ್ನೇ ಕೇಳುವವರು ಜಾಸ್ತಿಯಾಗಿದ್ದಾರೆ. ನಾನೂ ಕೇಳುತ್ತೇನೆ, ಉಪಯೋಗವೂ ಇದೆ. ಆದರೆ 2021ರ ಆ ಚೌಕದ ಕಥೆ ಇಲ್ಲಿ ಇನ್ನೊಂದು ಮೆಟ್ಟಿಲು ಹತ್ತಿದೆ. 2024ರ ಮೇ ತಿಂಗಳಲ್ಲಿ ಗೂಗಲ್‌ನ ಎಐ ಸಾರಾಂಶ ಪಿಜ್ಜಾ ಮೇಲಿನ ಚೀಸ್ ಜಾರದಿರಲು ಸಾಸ್‌ಗೆ ಅಂಟು ಸೇರಿಸಿ ಅಂತ ಹೇಳಿತು. ಹನ್ನೊಂದು ವರ್ಷದ ಹಿಂದೆ ರೆಡ್ಡಿಟ್‌ನಲ್ಲಿ ಯಾರೋ ತಮಾಷೆಗೆ ಬರೆದದ್ದು ಅದು. ತಮಾಷೆಗೆ ಆಡಿದ ಮಾತು ಯಂತ್ರದ ಬಾಯಲ್ಲಿ ಸಲಹೆಯಾಯಿತು. ಚೌಕದ ಉತ್ತರಕ್ಕೆ ಕೆಳಗೆ ಒಂದು ಲಿಂಕ್ ಆದರೂ ಇತ್ತು. ಎಐ ಹತ್ತು ಕಡೆಯದನ್ನು ಕಲಸಿ, ಒಳ್ಳೆಯ ಕನ್ನಡದಲ್ಲಿ, ಒಂದೇ ದನಿಯಲ್ಲಿ ಹೇಳುತ್ತದೆ. ಯಾವ ವಾಕ್ಯ ವೈದ್ಯರದು, ಯಾವುದು ಔಷಧ ಮಾರುವವರದು, ಯಾವುದು ಅದೇ ಹೊಸೆದದ್ದು ಅಂತ ದನಿಯಿಂದ ತಿಳಿಯುವುದಿಲ್ಲ. ಹಾಗಾಗಿ ಮುಖ್ಯವಾದ ವಿಷಯವಾದರೆ ಆಧಾರ ಕೊಡು ಅಂತ ಕೇಳಬೇಕು, ಕೊಟ್ಟ ಆಧಾರವನ್ನು ತೆರೆದು ನೋಡಬೇಕು. ಇಲ್ಲದ ಪುಸ್ತಕದ, ಇಲ್ಲದ ತೀರ್ಪಿನ ಹೆಸರನ್ನೂ ಅದು ಹೇಳಿಬಿಡುತ್ತದೆ.

ಇದನ್ನೆಲ್ಲ ಸರ್ಕಾರ ಕಾನೂನು ಮಾಡಿ ತಡೆಯಬಾರದಾ ಅಂತ ಕೇಳುತ್ತಾರೆ. ಪ್ರಯತ್ನ ಆಗಿದೆ. ಸರ್ಕಾರದ ಬಗೆಗಿನ ಸುದ್ದಿಯಲ್ಲಿ ಯಾವುದು ಸುಳ್ಳು ಅಂತ ಕೇಂದ್ರದ ಘಟಕವೊಂದು ಹೇಳಬಹುದು ಅಂತ 2023ರಲ್ಲಿ ನಿಯಮ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕರ್ನಾಟಕದಲ್ಲಿ 2025ರ ಜೂನ್‌ನಲ್ಲಿ ಹೊರಬಂದ ಮಸೂದೆಯ ಕರಡಿನಲ್ಲಿ 7 ವರ್ಷದವರೆಗೆ ಜೈಲು ಅಂತ ಇತ್ತು. ನನಗೆ ಇದರಲ್ಲಿ ನಂಬಿಕೆ ಇಲ್ಲ. ತನ್ನ ಬಗೆಗಿನ ಸುದ್ದಿ ನಿಜವೋ ಸುಳ್ಳೋ ಅಂತ ತಾನೇ ತೀರ್ಪು ಕೊಡುವ ಅಧಿಕಾರ ಯಾವ ಪಕ್ಷದ ಸರ್ಕಾರಕ್ಕೂ ಒಳ್ಳೆಯದಲ್ಲ. ಮುರ್ಕಿಯಂಥ ಕಡೆ ಸುದ್ದಿ ಹರಡಿದ ವೇಗಕ್ಕೆ ಯಾವ ಕೋರ್ಟೂ ಮುಟ್ಟುವುದಿಲ್ಲ. ಆ ಗ್ರೂಪಿನಲ್ಲಿ ಒಬ್ಬರಾದರೂ ‘ಯಾರು ನೋಡಿದ್ದು? ಠಾಣೆಗೆ ಫೋನ್ ಮಾಡಿದ್ದೀರಾ?’ ಅಂತ ಕೇಳಿದ್ದರೆ ಅನಿಸುತ್ತದೆ.

ಕೇಳುವುದು ಹೇಗೆ ಅನ್ನುವುದೂ ಮುಖ್ಯ. ಮನೆಯ ಗ್ರೂಪಿನಲ್ಲಿ ದೊಡ್ಡಪ್ಪ ಹಾಕಿದ ಸಂದೇಶಕ್ಕೆ ಎಲ್ಲರೆದುರು ‘ಇದು ಸುಳ್ಳು’ ಅಂತ ಬರೆದರೆ ಅವರಿಗೆ ಅವಮಾನ ಆಗುತ್ತದೆ, ಮುಂದಿನ ಸಲ ಇನ್ನೂ ಹಟ ಹಿಡಿಯುತ್ತಾರೆ. ಹಾಗೆ ಮಾಡಿ ನಮ್ಮ ಮನೆಯಲ್ಲಿ ಒಬ್ಬರು ಮೂರು ತಿಂಗಳು ಮಾತು ಬಿಟ್ಟರು. ಈಗ ನಾನು ಫೋನ್ ಮಾಡುತ್ತೇನೆ. ಅವರ ಕಾಳಜಿ ನಿಜವಾದದ್ದು, ಯಾರಿಗೋ ಒಳ್ಳೆಯದಾಗಲಿ ಅಂತಲೇ ಕಳಿಸಿರುತ್ತಾರೆ. ಅಲ್ಲಿಂದ ಮಾತು ಶುರು ಮಾಡಿದರೆ ತಾವೇ ಅಳಿಸುತ್ತಾರೆ.

2025ರಲ್ಲಿ ಒಂದು ದಿನ ಚಿಕ್ಕಮ್ಮ ಮತ್ತೆ ಫೋನ್ ಮಾಡಿದರು. ಬ್ಯಾಂಕುಗಳ ಜಾಲತಾಣದ ವಿಳಾಸವೆಲ್ಲ ಬದಲಾಗುತ್ತದೆ, ಇನ್ಮೇಲೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಅಂತ ಇರುತ್ತದೆ ಅಂತ ಗ್ರೂಪಿನಲ್ಲಿ ಬಂದಿತ್ತು. ಜೋಡಿ ಬಾಣವೂ ಇತ್ತು. “ಇದು ಯಾರು ಹೇಳಿದ್ದಂತೆ, ನೋಡಿ ಹೇಳೇ” ಅಂದರು. ಹೊಸ ವಿಳಾಸ ತೋರಿಸಿ ಪಾಸ್‌ವರ್ಡ್ ಕದಿಯುವ ಉಪಾಯ ಇದು ಅಂತ ನನಗೆ ತಕ್ಷಣ ಅನಿಸಿತು. ಆದರೂ ರಿಸರ್ವ್ ಬ್ಯಾಂಕಿನ ಜಾಲತಾಣಕ್ಕೆ ಹೋಗಿ ನೋಡಿದೆ. ಏಪ್ರಿಲ್ 22ರ ಸುತ್ತೋಲೆ ಅಲ್ಲೇ ಇತ್ತು. ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಆ ವಿಳಾಸಕ್ಕೆ ಬದಲಾಗಬೇಕು ಅಂತ ಅದರಲ್ಲಿ ಬರೆದಿತ್ತು. ಚಿಕ್ಕಮ್ಮನಿಗೆ ಫೋನ್ ಮಾಡಿ, “ನಿಜಾನೇ ಚಿಕ್ಕಮ್ಮ, ರಿಸರ್ವ್ ಬ್ಯಾಂಕಿನವರೇ ಹೇಳಿದ್ದಾರೆ. ಆದ್ರೆ ಗ್ರೂಪಲ್ಲಿ ಬಂದ ಲಿಂಕ್ ಒತ್ತಬೇಡಿ, ವಿಳಾಸವನ್ನ ನೀವೇ ಟೈಪ್ ಮಾಡಿ” ಅಂದೆ. ಅವರು ಒಂದು ಚೀಟಿ ತಂದು, ಅಕ್ಷರ ಬಿಡಿಸಿ ಹೇಳು ಅಂತ ಬರೆದುಕೊಂಡರು.